ಕೊಳ್ಳುವ ಹಾವು ಗಂಡೋ ಹೆಣ್ಣೋ: ಮಾರುವವರ ಮಾತನ್ನು ಎಷ್ಟು ನಂಬಬೇಕು?

ಇಂಗ್ಲೆಂಡಿನ ಪೋರ್ಟ್ಸ್‌ಮತ್ ನಗರದ ಕಾಲೇಜೊಂದರಲ್ಲಿ ಸಾಕಿದ್ದ ರೊನಾಲ್ಡೊ ಎಂಬ ಹಾವು 2024ರ ಜೂನ್ ತಿಂಗಳಲ್ಲಿ 14 ಮರಿ ಹಾಕಿತು. ಬ್ರೆಜಿಲಿಯನ್ ರೇನ್‌ಬೋ ಬೋವಾ ಜಾತಿಯ ಆ ಹಾವಿಗೆ ಆಗ 13 ವರ್ಷ ವಯಸ್ಸಾಗಿತ್ತು. ಹೆಸರಿನಿಂದಲೇ ತಿಳಿಯುವಂತೆ ಅದನ್ನು ಅಷ್ಟೂ ಕಾಲ ಗಂಡೆಂದು ನಂಬಲಾಗಿತ್ತು, ಮತ್ತು ಅದು ವರ್ಷಗಳಿಂದ ಬೇರಾವ ಹಾವಿನ ಸಂಗಡವೂ ಇರಲಿಲ್ಲ. ಗಂಡಿನ ನೆರವಿಲ್ಲದೆಯೇ ಮರಿಗಳು ಹುಟ್ಟಿದವೆಂಬುದು ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಯಿತು. ಆದರೆ ಹಾವು ಕೊಳ್ಳಲು ಹೊರಟವರು ಗಮನಿಸಬೇಕಾದದ್ದು ಅದರಲ್ಲಿದ್ದ ಇನ್ನೊಂದು ಸಂಗತಿಯನ್ನು. ಹಾವುಗಳನ್ನು ಚೆನ್ನಾಗಿ ಬಲ್ಲವರ ಆರೈಕೆಯಲ್ಲಿದ್ದ, ಸುಮಾರು ಆರು ಅಡಿ ಉದ್ದ ಬೆಳೆದಿದ್ದ ಹಾವಿನ ಲಿಂಗವನ್ನೇ ವರ್ಷಗಟ್ಟಲೆ ತಪ್ಪಾಗಿ ತಿಳಿದಿರಲು ಸಾಧ್ಯವಿದೆ.

ಬೆಂಗಳೂರಿನಲ್ಲಿ ಬಾಲ್ ಪೈಥಾನ್ (ಆಫ್ರಿಕಾ ಮೂಲದ ಸಣ್ಣ ಹೆಬ್ಬಾವು) ಮತ್ತು ಕಾರ್ನ್ ಸ್ನೇಕ್ (ಅಮೆರಿಕ ಮೂಲದ ವಿಷವಿಲ್ಲದ ಹಾವು) ಸಾಕುವ ಹವ್ಯಾಸ ಈಗ ಅಪರೂಪವೇನಲ್ಲ. ಮರಿಗಳ ಜೊತೆಗೆ ಬೆಳೆದ ಹಾವುಗಳೂ ಇಲ್ಲಿ ಕೈ ಬದಲಾಯಿಸುತ್ತವೆ. ಕೆಲಸದ ನಿಮಿತ್ತ ಬೇರೆ ದೇಶಕ್ಕೆ ಹೊರಟವರು, ಬಾಡಿಗೆ ಮನೆಯ ಮಾಲೀಕರ ಆಕ್ಷೇಪಕ್ಕೆ ಮಣಿದವರು, ತಳಿ ಬೆಳೆಸುವುದನ್ನು ನಿಲ್ಲಿಸಿದವರು ತಮ್ಮಲ್ಲಿರುವ ಹಾವನ್ನು ಇನ್ನೊಬ್ಬರಿಗೆ ಒಪ್ಪಿಸುತ್ತಾರೆ. ಆಗ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಲಿಂಗದ ಪ್ರಶ್ನೆಯೂ ಒಂದು, ಮತ್ತು ಅದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ "ಹೆಣ್ಣು ಸಾರ್, ಗ್ಯಾರಂಟಿ" ಎಂಬ ಧಾಟಿಯದು. ಆ ಉತ್ತರ ಕೇಳಿದ ಮೇಲೆ ಸುಮ್ಮನಾಗದೆ "ಹೇಗೆ ಗೊತ್ತಾಯಿತು?" ಎಂದು ಇನ್ನೊಂದು ಪ್ರಶ್ನೆ ಕೇಳಬೇಕು. ಹಾವಿನ ಲಿಂಗ ತಿಳಿಯುವ ವಿಧಾನಗಳು ಹಲವಿವೆ. ಅವುಗಳಲ್ಲಿ ಒಂದೊಂದಕ್ಕೂ ಇರುವ ಖಚಿತತೆ ಬೇರೆ ಬೇರೆ. ಅದಕ್ಕಿಂತ ಹೆಚ್ಚಾಗಿ, ಒಂದೇ ವಿಧಾನದಲ್ಲಿ "ಗಂಡು" ಎಂದು ಬಂದ ಫಲಿತಾಂಶಕ್ಕೂ "ಹೆಣ್ಣು" ಎಂದು ಬಂದ ಫಲಿತಾಂಶಕ್ಕೂ ಇರುವ ತೂಕ ಒಂದೇ ಅಲ್ಲ ಎಂಬುದನ್ನು ಕೊಳ್ಳುವವರು ಅರಿತಿರಬೇಕು.

ಮುಂದೆ ಹೋಗುವ ಮುನ್ನ ಕಾನೂನಿನ ಮಾತನ್ನು ಮುಗಿಸಿಬಿಡುವುದು ಒಳ್ಳೆಯದು. ನಾಗರಹಾವು, ಕೇರೆಹಾವು, ಹೆಬ್ಬಾವು ಮುಂತಾದ ನಮ್ಮ ನೆಲದ ಹಾವುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಅವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ, ಮಾರುವಂತಿಲ್ಲ. ಅದೃಷ್ಟ ತರುತ್ತದೆಂಬ ಮೂಢನಂಬಿಕೆಯಿಂದ ಲಕ್ಷಗಟ್ಟಲೆ ಬೆಲೆ ಹೇಳುವ "ಎರಡು ತಲೆ ಹಾವು" ಕೂಡ ಇದೇ ಸಾಲಿಗೆ ಸೇರಿದ್ದು. ವಿದೇಶಿ ಜಾತಿಗಳ ವಿಷಯ ಬೇರೆ. ಅದೇ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 2024ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅದನ್ನು ನೋಂದಾಯಿಸಬೇಕು, ಹೊಸದಾಗಿ ಪಡೆದವರು 30 ದಿನಗಳೊಳಗೆ ಆ ಕೆಲಸ ಮಾಡಬೇಕು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ, ಕಾರ್ನ್ ಸ್ನೇಕ್ ಇಲ್ಲ. ಕಳ್ಳಸಾಗಣೆ ಇಲ್ಲಿಯ ವಾಸ್ತವವೇ ಆಗಿದೆ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕರೊಬ್ಬರ ಸಾಮಾನಿನಲ್ಲಿ 10 ಹಳದಿ ಅನಕೊಂಡಗಳು ಕಸ್ಟಮ್ಸ್ ಅಧಿಕಾರಿಗಳಿಗೆ ಸಿಕ್ಕಿದ್ದವು. ಕಾಗದಪತ್ರ ಕೇಳುವುದರಿಂದ ಲಿಂಗದ ವಿಷಯದಲ್ಲಿಯೂ ಒಂದು ಪ್ರಯೋಜನವಿದೆ. ಯಾರ ಬಳಿ ಹುಟ್ಟಿದ ಹಾವು, ಯಾವಾಗ ಮೊಟ್ಟೆಯೊಡೆದು ಬಂದದ್ದು ಎಂಬ ದಾಖಲೆ ಇದ್ದಲ್ಲಿ, ಮರಿಯಾಗಿದ್ದಾಗಲೇ ಅದರ ಲಿಂಗ ಪರೀಕ್ಷಿಸಿದ ಟಿಪ್ಪಣಿಯೂ ಬಹುಮಟ್ಟಿಗೆ ಇರುತ್ತದೆ. ಆ ಟಿಪ್ಪಣಿಗೆ ಏಕೆ ಅಷ್ಟು ಬೆಲೆ ಎಂಬುದು ಮುಂದೆ ತಿಳಿಯುತ್ತದೆ.

ಹಾವಿನ ಲಿಂಗ ಹೊರನೋಟಕ್ಕೆ ಏಕೆ ತಿಳಿಯುವುದಿಲ್ಲ ಎಂಬುದಕ್ಕೆ ಅದರ ದೇಹರಚನೆಯಲ್ಲಿಯೇ ಕಾರಣವಿದೆ. ನೋಡುವವರಿಗೆ ಹಾವಿನ ಮೈಯೆಲ್ಲ ಒಂದೇ ಉದ್ದನೆಯ ಬಾಲದಂತೆ ಕಂಡರೂ ನಿಜವಾದ ಬಾಲ ಆರಂಭವಾಗುವುದು ಹೊಟ್ಟೆಯ ಕಡೆ ಅಡ್ಡಸೀಳಿನಂತಿರುವ ಕ್ಲೋಯಕದ ಬಾಯಿಯಿಂದ ಆಚೆಗೆ. ಮಲ, ಮೂತ್ರದ ಸುಣ್ಣದಂಥ ಬಿಳಿ ಗಟ್ಟಿ, ಮೊಟ್ಟೆ ಅಥವಾ ಮರಿ ಎಲ್ಲವೂ ಹೊರಬರುವುದು ಅದೊಂದೇ ದ್ವಾರದಿಂದ. ಗಂಡು ಹಾವಿಗೆ ಸಂಭೋಗಾಂಗ ಎರಡಿವೆ. ಅವುಗಳಿಗೆ ಹೆಮಿಪೀನಿಸ್ ಎಂದು ಹೆಸರು. ಬಳಕೆಯಲ್ಲಿಲ್ಲದಾಗ ಅವು ಒಳಮುಖವಾಗಿ ಮಗುಚಿದ ಅಂಗಿಯ ತೋಳುಗಳಂತೆ ಬಾಲದ ಬುಡದೊಳಗೆ, ಮಧ್ಯರೇಖೆಯ ಎರಡೂ ಬದಿಗೆ, ಬಾಲದ ತುದಿಯ ಕಡೆಗೆ ಚಾಚಿಕೊಂಡು ಮಲಗಿರುತ್ತವೆ. ಪ್ರತಿಯೊಂದರ ತುದಿಗೂ ಅದನ್ನು ಒಳಕ್ಕೆ ಎಳೆದುಕೊಳ್ಳುವ ಸ್ನಾಯು ಅಂಟಿರುತ್ತದೆ. ಹೆಣ್ಣಿನ ಬಾಲದ ಬುಡದಲ್ಲಿ ಅಂಥ ಆಳವಾದ ಚೀಲಗಳಿಲ್ಲ. ಅಲ್ಲಿ ಚಿಕ್ಕ ಕುಳಿಗಳೂ ನಾರುವ ದ್ರವ ಸ್ರವಿಸುವ ಗ್ರಂಥಿಗಳೂ ಇರುತ್ತವೆ. ಅಂಥ ಗ್ರಂಥಿಗಳು ಗಂಡಿಗೂ ಉಂಟು. ಹೆಣ್ಣು ಹಾವಿಗೂ ಜೋಡಿ ಚಂದ್ರನಾಡಿ (ಕ್ಲಿಟೊರಿಸ್) ಇದೆ ಎಂಬುದನ್ನು ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದ ತಂಡ ವಿವರವಾಗಿ ಪ್ರಕಟಿಸಿದ್ದು 2022ರಲ್ಲಿ. ಇಷ್ಟು ಸರಳವಾದ ಅಂಗವೂ ಅಷ್ಟು ಕಾಲ ಕಣ್ಣು ತಪ್ಪಿಸಿಕೊಂಡಿತ್ತೆಂದರೆ ಹಾವಿನ ಬಾಲದ ಬುಡವನ್ನು ಓದುವುದು ಸುಲಭವಲ್ಲ ಎಂದು ಒಪ್ಪಬೇಕಾಗುತ್ತದೆ.

ಈ ರಚನೆಯ ನೇರ ಪರಿಣಾಮ ಬಾಲದ ಆಕಾರದಲ್ಲಿ ಕಾಣುತ್ತದೆ, ಮತ್ತು ಅದನ್ನು ಮೈ ಮುಟ್ಟದೆಯೇ ಪರೀಕ್ಷಿಸಬಹುದು. ಎರಡು ಚೀಲಗಳನ್ನೂ ಅವುಗಳ ಸ್ನಾಯುವನ್ನೂ ಒಳಗೆ ಇಟ್ಟುಕೊಳ್ಳಬೇಕಾದ ಗಂಡಿನ ಬಾಲ ಕ್ಲೋಯಕದ ಆಚೆಗೆ ಕೆಲವು ಹುರುಪೆಗಳಷ್ಟು ದೂರ ದಪ್ಪ ಕಳೆದುಕೊಳ್ಳದೆ ಸಾಗಿ, ಆಮೇಲೆ ನಿಧಾನವಾಗಿ ಸಪೂರವಾಗುತ್ತದೆ. ಒಟ್ಟು ಉದ್ದವೂ ಹೆಚ್ಚು. ಹೆಣ್ಣಿನ ಬಾಲ ಕ್ಲೋಯಕ ದಾಟಿದೊಡನೆ ಕಿರಿದಾಗತೊಡಗುತ್ತದೆ, ಉದ್ದವೂ ಕಡಿಮೆ. ಬೆಳೆದ ಕಾರ್ನ್ ಸ್ನೇಕಿನಲ್ಲಿ ಈ ವ್ಯತ್ಯಾಸ ಎಷ್ಟು ಸ್ಪಷ್ಟವೆಂದರೆ ಅನುಭವಿಗಳು ಹಾವನ್ನು ಪಾರದರ್ಶಕ ಡಬ್ಬಿಯಲ್ಲಿಟ್ಟು ಕೆಳಗಿನಿಂದ ನೋಡಿಯೇ ಬಹುಪಾಲು ಸರಿಯಾಗಿ ಹೇಳುತ್ತಾರೆ. ಬಾಲ್ ಪೈಥಾನಿನಲ್ಲಿ ಗಂಡು ಹೆಣ್ಣು ಎರಡರ ಬಾಲವೂ ಮೋಟಾದ್ದರಿಂದ ಈ ನೋಟ ಅಷ್ಟಾಗಿ ಕೈಹಿಡಿಯುವುದಿಲ್ಲ. ಬೆಳೆದ ಹಾವಿನಲ್ಲಿ ಇನ್ನೊಂದು ತೊಡಕುಂಟು. ಪೊರೆ ಸರಿಯಾಗಿ ಕಳಚದೆ ಬಿಗಿದುಕೊಂಡು ರಕ್ತಸಂಚಾರ ನಿಂತೋ, ಎಂದೋ ಗಾಯವಾಗಿಯೋ ಬಾಲದ ತುದಿ ಉದುರಿಹೋಗಿದ್ದರೆ ಉದ್ದದ ಲೆಕ್ಕವೇ ಕೆಟ್ಟುಹೋಗುತ್ತದೆ. ತುದಿಯಲ್ಲಿ ಸಣ್ಣ ಮೊನೆಯಿದೆಯೇ, ಇಲ್ಲ ಮೊಂಡಾಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಕೊಬ್ಬಿದ ಹಾವಿನಲ್ಲಿ ಬಾಲದ ಬುಡವೂ ಊದಿಕೊಂಡು ಹೆಣ್ಣು ಗಂಡಿನಂತೆ ತೋರುವುದುಂಟು.

ಹೆಬ್ಬಾವು ಮತ್ತು ಬೋವಾ ಗುಂಪಿನ ಹಾವುಗಳಲ್ಲಿ ಕ್ಲೋಯಕದ ಎರಡು ಪಕ್ಕದಲ್ಲಿ ಉಗುರಿನಂಥ ಸಣ್ಣ ಕೊಕ್ಕೆಗಳಿರುತ್ತವೆ. ಕಾಲಿದ್ದ ಪೂರ್ವಜರಿಂದ ಉಳಿದುಬಂದ ಹಿಂಗಾಲಿನ ಅವಶೇಷವಿದು. ಸಾಕುವವರು ಇದನ್ನು ಸ್ಪರ್ ಎನ್ನುತ್ತಾರೆ. ಗಂಡು ಇದನ್ನು ಮಿಲನದ ವೇಳೆ ಹೆಣ್ಣಿನ ಮೈ ಕೆರೆಯಲು ಬಳಸುತ್ತದೆ. ಗಂಡಿನ ಸ್ಪರ್ ದೊಡ್ಡದೆಂಬ ಮಾತು ಹಲವು ಜಾತಿಗಳ ಮಟ್ಟಿಗೆ ನಿಜ. ಕೀನ್ಯಾದ ಸ್ಯಾಂಡ್ ಬೋವಾದಲ್ಲಂತೂ ಗಂಡಿನಲ್ಲಿ ಅದು ಕಣ್ಣಿಗೆ ಕಾಣುತ್ತದೆ, ಹೆಣ್ಣಿನಲ್ಲಿ ಹುಡುಕಬೇಕಾಗುತ್ತದೆ. ಆದರೆ ಬಾಲ್ ಪೈಥಾನಿನಲ್ಲಿ ದೊಡ್ಡ ಸ್ಪರ್ ಇರುವ ಹೆಣ್ಣುಗಳೂ, ಒರಟು ನೆಲದ ಮೇಲೆ ಉಜ್ಜಿ ಸವೆದ ಸ್ಪರ್ ಇರುವ ಗಂಡುಗಳೂ ಸಾಕಷ್ಟಿವೆ. ಆ ಜಾತಿಯಲ್ಲಿ ಸ್ಪರ್ ತೋರಿಸಿ ಬೆಲೆ ಹೇಳುವವರ ಮಾತಿಗೆ ಕಿವಿಗೊಡದಿರುವುದು ಒಳ್ಳೆಯದು.

ಗಾತ್ರದ ಮಾತೂ ಹೀಗೆಯೇ. ಬಾಲ್ ಪೈಥಾನಿನಲ್ಲಿ ಹೆಣ್ಣು ದೊಡ್ಡದು, ಸಾಮಾನ್ಯವಾಗಿ ಒಂದೂವರೆ ಕಿಲೋ ಮೀರಿ ಬೆಳೆಯುತ್ತದೆ. ಗಂಡು ಅದಕ್ಕಿಂತ ಸಣ್ಣದು. ಆದರೆ ಹೊಟ್ಟೆಗಿಲ್ಲದೆ ಸೊರಗಿದ ಹೆಣ್ಣೂ ಮೇದು ಬೆಳೆದ ಗಂಡೂ ತೂಕದಲ್ಲಿ ಒಂದೇ ಆಗಬಹುದು. ತಲೆ ಅಗಲವಿದ್ದರೆ ಹೆಣ್ಣು, ಬಣ್ಣ ಗಾಢವಿದ್ದರೆ ಗಂಡು, ಸಾಧುವಾಗಿದ್ದರೆ ಇನ್ನೊಂದು ಎಂಬ ಲೆಕ್ಕಗಳಿಗೆ ಸಾಮಾನ್ಯವಾಗಿ ಸಾಕುವ ಜಾತಿಗಳಲ್ಲಿ ಆಧಾರವಿಲ್ಲ.

ಬೆಳೆದ ಹಾವಿನ ಲಿಂಗ ತಿಳಿಯಲು ಹವ್ಯಾಸಿಗಳೂ ವೈದ್ಯರೂ ಹೆಚ್ಚಾಗಿ ನೆಚ್ಚುವ ವಿಧಾನ ಪ್ರೋಬಿಂಗ್. ಪ್ರೋಬ್ ಎಂದರೆ ತುದಿ ಉರುಟಾಗಿ ನುಣುಪಾಗಿರುವ, ಸ್ಟೀಲಿನ ತೆಳು ಸಲಾಕೆ; ಬೇರೆ ಬೇರೆ ದಪ್ಪದವು ಒಂದು ಕಟ್ಟಾಗಿ ದೊರೆಯುತ್ತವೆ. ಒಬ್ಬರು ಹಾವಿನ ಮೈಯನ್ನು ಆಧರಿಸಿ ಹಿಡಿದುಕೊಂಡಿರುತ್ತಾರೆ. ಇನ್ನೊಬ್ಬರು ಬಾಲದ ಬುಡವನ್ನು ಮೇಲ್ಮುಖವಾಗಿ ತಿರುಗಿಸಿ, ಕ್ಲೋಯಕವನ್ನು ಮುಚ್ಚಿರುವ ಅಗಲವಾದ ಹುರುಪೆಯನ್ನು ಹೆಬ್ಬೆರಳಿನಿಂದ ತಲೆಯ ಕಡೆಗೆ ಮೆಲ್ಲನೆ ಸರಿಸುತ್ತಾರೆ. ಆಗ ಬಿರಿದ ಸೀಳಿನ ಒಂದು ಮೂಲೆಯಿಂದ, ನೀರಿನಲ್ಲಿ ಕರಗುವ ಜಾರುಕ ಸವರಿದ ಪ್ರೋಬನ್ನು ಬಾಲದ ತುದಿಯ ದಿಕ್ಕಿಗೆ, ಮಧ್ಯರೇಖೆಗೆ ಸಮಾನಾಂತರವಾಗಿ, ಬೆರಳುಗಳ ನಡುವೆ ತಿರುವುತ್ತ ಒಳಕ್ಕೆ ಬಿಡುತ್ತಾರೆ. ಇಲ್ಲಿ ನೂಕುವಂತಿಲ್ಲ, ಪ್ರೋಬಿನ ಸ್ವಂತ ಭಾರಕ್ಕಿಂತ ತುಸು ಹೆಚ್ಚಿನ ಒತ್ತಡವಷ್ಟೇ ಸಾಕು. ಮೆತ್ತನೆಯ ತಡೆ ಸಿಕ್ಕೊಡನೆ ನಿಲ್ಲಿಸಿ, ಸೀಳಿನ ಅಂಚಿಗೆ ಸರಿಯಾಗಿ ಪ್ರೋಬಿನ ಮೇಲೆ ಉಗುರು ಊರಿ ಗುರುತು ಹಿಡಿದು, ಹೊರತೆಗೆದು, ಅದನ್ನು ಬಾಲದ ಕೆಳಮೈಗೆ ಹೊಂದಿಸಿ, ಎಷ್ಟು ಹುರುಪೆಗಳಷ್ಟು ಆಳಕ್ಕೆ ಹೋಗಿತ್ತೆಂದು ಎಣಿಸುತ್ತಾರೆ. ಬಾಲದಡಿಯ ಹುರುಪೆಗಳು ಜೋಡಿಯಾಗಿದ್ದಲ್ಲಿ ಒಂದು ಜೋಡಿಯನ್ನು ಒಂದೆಂದೇ ಎಣಿಸಬೇಕು. ಇದನ್ನು ತಿಳಿಯದೆ ಎರಡೆರಡು ಎಣಿಸಿದವರಿಗೆ ಹೆಣ್ಣೂ ಗಂಡಾಗಿ ಕಾಣುತ್ತದೆ.

ಬಾಲ್ ಪೈಥಾನಿನಲ್ಲಿ ಪ್ರೋಬ್ ಹೆಣ್ಣಿನಲ್ಲಿ ಸಾಮಾನ್ಯವಾಗಿ 2ರಿಂದ 4 ಹುರುಪೆಗಳಷ್ಟು ಹೋಗಿ ನಿಲ್ಲುತ್ತದೆ, ಗಂಡಿನಲ್ಲಿ 8 ಅಥವಾ ಅದಕ್ಕೂ ಹೆಚ್ಚು ಹುರುಪೆಗಳವರೆಗೆ ಸಲೀಸಾಗಿ ಇಳಿಯುತ್ತದೆ. ಬೇರೆ ಜಾತಿಗಳಲ್ಲಿ ಈ ಅಂಕಿಗಳು ಬದಲಾಗುತ್ತವೆ. ಆದ್ದರಿಂದ ಒಂದು ಜಾತಿಯ ಅಳತೆಯನ್ನು ಇನ್ನೊಂದಕ್ಕೆ ಹಚ್ಚಬಾರದು. ನಡುವಿನ 5 ಅಥವಾ 6 ಬಂದರೆ ಅದನ್ನು ಉತ್ತರವೆಂದು ಸ್ವೀಕರಿಸದೆ ಮತ್ತೆ ನೋಡಬೇಕು.

ಗಂಡು, ಹೆಣ್ಣು ಎಂಬ ಫಲಿತಾಂಶಗಳಿಗೆ ಇರುವುದೆಂದು ಆರಂಭದಲ್ಲಿ ಹೇಳಿದ ತೂಕದ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಒತ್ತಡವಿಲ್ಲದೆ ಪ್ರೋಬ್ ಎರಡೂ ಬದಿಯಲ್ಲಿ ಆಳಕ್ಕೆ ಇಳಿಯಿತೆಂದರೆ ಅಲ್ಲೊಂದು ಚೀಲ ಇರಲೇಬೇಕು; ಅದು ಗಂಡೆನ್ನುವುದಕ್ಕೆ ಗಟ್ಟಿಯಾದ ಸಾಕ್ಷಿ. ಇಳಿಯಲಿಲ್ಲವೆಂದರೆ ತಿಳಿಯುವುದು ಪ್ರೋಬ್ ಇಳಿಯಲಿಲ್ಲ ಎಂಬುದಷ್ಟೇ. ಬೆದರಿದ ಗಂಡು ಬಾಲದ ಸ್ನಾಯುವನ್ನು ಬಿಗಿಹಿಡಿದಿರಬಹುದು, ಚೀಲದಲ್ಲಿ ಹಳೆಯ ಸ್ರಾವ ಒಣಗಿ ಬಿರಟೆಯಾಗಿ ಕೂತಿರಬಹುದು, ಪ್ರೋಬ್ ಹಾವಿಗೆ ತಕ್ಕ ಅಳತೆಯದಲ್ಲದಿರಬಹುದು, ಅಥವಾ ಬಿಟ್ಟ ಜಾಗವೇ ತಪ್ಪಿರಬಹುದು. ಹಾಗಾಗಿ ಹೆಣ್ಣೆಂಬ ತೀರ್ಮಾನಕ್ಕೆ ಬರುವವರು ಹಾವು ಸಡಿಲಗೊಳ್ಳುವವರೆಗೆ ಕಾಯುತ್ತಾರೆ, ಎರಡು ಬದಿಯಲ್ಲೂ ನೋಡುತ್ತಾರೆ, ಅನುಮಾನವಿದ್ದರೆ ಇನ್ನೊಂದು ದಿನ ಮತ್ತೆ ನೋಡುತ್ತಾರೆ. ಆಳಕ್ಕೆ ಇಳಿದರೆ ಗಂಡು ಎಂಬುದಕ್ಕೂ ಒಂದು ಅಪವಾದವಿದೆ, ಅದು ಅಪಾಯಕಾರಿಯೂ ಹೌದು. ಒತ್ತಿ ನೂಕಿದರೆ ಪ್ರೋಬ್ ಹೆಣ್ಣಿನ ಮೃದು ಅಂಗಾಂಶವನ್ನು ಸೀಳಿಕೊಂಡು ಆಳಕ್ಕೆ ಹೋಗುತ್ತದೆ. ಆಗ ಲೆಕ್ಕದಲ್ಲಿ ಗಂಡು ಬರುತ್ತದೆ, ಹಾವಿಗೆ ಗಾಯವೂ ಆಗುತ್ತದೆ. ಪ್ರೋಬಿನ ತುದಿಯಲ್ಲಿ ರಕ್ತ ಕಂಡರೆ ಆ ಫಲಿತಾಂಶವನ್ನು ಬದಿಗಿಡಬೇಕು, ಆ ಹಾವನ್ನು ವೈದ್ಯರಿಗೆ ತೋರಿಸದೆ ಕೊಳ್ಳಬಾರದು.

ಇಷ್ಟು ವಿವರ ಕೊಟ್ಟದ್ದು ಓದುಗರು ಸ್ವತಃ ಪ್ರೋಬ್ ಹಿಡಿಯಲೆಂದಲ್ಲ, ಎದುರಿಗೆ ನಡೆಯುವ ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯೇ ಎಂದು ಅಳೆಯಲೆಂದು. ಪರೀಕ್ಷೆಗೆ ಮುನ್ನ ಪ್ರೋಬನ್ನು ಕ್ರಿಮಿಶುದ್ಧ ಮಾಡಿದರೇ ಎಂದು ಗಮನಿಸಬೇಕು. ಒಂದು ಹಾವಿಗೆ ಬಳಸಿದ ಪ್ರೋಬನ್ನು ಬರಿದೇ ಬಟ್ಟೆಯಲ್ಲಿ ಒರೆಸಿ ಇನ್ನೊಂದಕ್ಕೆ ಬಳಸುವುದನ್ನು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಜಠರಕ್ಕೆ ತಗಲುವ ಕ್ರಿಪ್ಟೊಸ್ಪೊರಿಡಿಯಮ್‌ನಂಥ, ಹಾವುಗಳಲ್ಲಿ ವಾಸಿಮಾಡಲು ಬಲು ಕಷ್ಟವಾದ ಸೋಂಕುಗಳು ಒಂದರಿಂದ ಒಂದಕ್ಕೆ ದಾಟಬಹುದು. ಇಲಿ ನುಂಗಿ ಎರಡು ದಿನವೂ ಆಗಿರದ ಹಾವನ್ನು, ಕಣ್ಣು ಮಂಜಾಗಿ ಪೊರೆ ಬಿಡುವ ಹಂತದಲ್ಲಿರುವ ಹಾವನ್ನು, ಬಸಿರಾಗಿರಬಹುದಾದ ಹಾವನ್ನು ಪ್ರೋಬ್ ಮಾಡಬಾರದು.

ಪಾಪಿಂಗ್ ಎಂಬ ಇನ್ನೊಂದು ವಿಧಾನದಲ್ಲಿ ಬಾಲದ ಬುಡವನ್ನು ಹೆಬ್ಬೆರಳಿನಿಂದ ತೀಡಿದಂತೆ ಒತ್ತಿ, ಒಳಗೆ ಮಗುಚಿರುವ ಹೆಮಿಪೀನಿಸ್ ಹೊರಕ್ಕೆ ಬರುವಂತೆ ಮಾಡುತ್ತಾರೆ. ಮೊಟ್ಟೆಯೊಡೆದು ಕೆಲವು ದಿನಗಳಾದ ಮರಿಗಳಿಗೆ ಇದು ಸರಿಹೊಂದುತ್ತದೆ, ಏಕೆಂದರೆ ಅವುಗಳ ಸ್ನಾಯು ಇನ್ನೂ ಬಲಿತಿರುವುದಿಲ್ಲ. ಪಳಗಿದ ಕೈಯಲ್ಲಿ ಫಲಿತಾಂಶವೂ ನಿಚ್ಚಳ. ಹೆಣ್ಣು ಮರಿಯಲ್ಲಿ ಗ್ರಂಥಿಗಳ ಬಾಯಿ ಎರಡು ಕೆಂಪು ಚುಕ್ಕೆಗಳಂತೆ ಮೂಡುವುದನ್ನು ಕಂಡು ಹೊಸಬರು ಗಂಡೆಂದು ಬರೆದಿಡುವುದೂ ಉಂಟು. ಬೆಳೆದ ಹಾವಿಗೆ ಪಾಪಿಂಗ್ ಮಾಡಬಾರದು. ಬಲಿತ ಗಂಡು ಎದುರೊತ್ತು ಕೊಟ್ಟು ಅಂಗವನ್ನು ಹೊರಬಿಡದೆ ಹೆಣ್ಣೆನಿಸಿಕೊಳ್ಳುತ್ತದೆ, ಹೆಚ್ಚು ಒತ್ತಿದರೆ ಅಂಗಕ್ಕೂ ಬಾಲದ ಮೂಳೆಗೂ ಪೆಟ್ಟಾಗುತ್ತದೆ. ತಳಿ ಬೆಳೆಸಿದವರ ಹಳೆಯ ಟಿಪ್ಪಣಿಗೆ ಬೆಲೆಯಿದೆ ಎಂದದ್ದು ಇದಕ್ಕಾಗಿಯೇ: ಈಗ ಮಾಡಲಾಗದ ಪರೀಕ್ಷೆಯನ್ನು ಅವರು ಆಗ ಮಾಡಿರುತ್ತಾರೆ.

ಬೆಳೆದ ಹಾವಿನಲ್ಲಿ ಮರಿಗಳಲ್ಲಿ ಸಿಗದ ಬೇರೆ ಕೆಲವು ಸಾಕ್ಷಿಗಳು ಸಿಗುತ್ತವೆ. ಪ್ರಾಯಕ್ಕೆ ಬಂದ ಗಂಡಿನ ಚೀಲಗಳಲ್ಲಿ ಸ್ರಾವ ಗಟ್ಟಿಯಾಗಿ, ಮೇಣದಂಥ, ನಸುಹಳದಿಯ ಉದ್ದನೆಯ ತುಣುಕುಗಳಾಗಿ ಆಗಾಗ ಹೊರಬೀಳುತ್ತದೆ. ಡಬ್ಬಿಗೆ ಹಾಸಿದ ತೆಂಗಿನ ನಾರಿನ ಪುಡಿಯ ಮೇಲೆ ಅದು ಸಿಗಬಹುದು, ಬಿಟ್ಟ ಪೊರೆಯಲ್ಲಿ ಬಾಲದ ಬುಡದ ಬಳಿ ಜೋಡಿಯಾಗಿ ಅಂಟಿಕೊಂಡಿರಬಹುದು. ಬಿಳಿ ಮೂತ್ರದ ಗಟ್ಟಿಯೊಡನೆ ಅದನ್ನು ಗೊಂದಲ ಮಾಡಿಕೊಳ್ಳಬಾರದು; ಮೂತ್ರದ ಗಟ್ಟಿ ಸುಣ್ಣದಂತೆ ಪುಡಿಯಾಗುತ್ತದೆ, ಇದು ಪುಡಿಯಾಗುವುದಿಲ್ಲ. ಹೆಣ್ಣಿನ ಮಟ್ಟಿಗೆ ಸಂಶಯಕ್ಕೆ ಎಡೆಯಿಲ್ಲದ ಸಾಕ್ಷಿ ಎಂದರೆ ಮೊಟ್ಟೆ, ಅದು ಫಲಿತವಾಗದೆ ಮುರುಟಿದ ಹಳದಿ ಮೊಟ್ಟೆಯಾದರೂ ಸರಿಯೇ. ಮಾರುವವರು ಮೊಟ್ಟೆಗೆ ಸುತ್ತಿ ಕೂತ ಹಾವಿನ ಚಿತ್ರ ತೋರಿಸಿದರೆ, ಎದುರಿಗಿರುವ ಹಾವೇ ಅದೆಂದು ತಾಳೆ ನೋಡಬೇಕು. ಬಾಲ್ ಪೈಥಾನಿನ ಪಕ್ಕೆಯ ಮಚ್ಚೆಗಳ ವಿನ್ಯಾಸ ಒಂದೊಂದು ಹಾವಿಗೂ ಬೇರೆಯೇ ಇರುವುದರಿಂದ ಕುತ್ತಿಗೆಯ ಹಿಂದಿನ ನಾಲ್ಕೈದು ಮಚ್ಚೆಗಳನ್ನು ಹೋಲಿಸಿದರೂ ಸಾಕಾಗುತ್ತದೆ.

ಎರಡು ಹಾವು ಹೆಣೆದುಕೊಂಡಿರುವ ವಿಡಿಯೋವನ್ನು ಮಾತ್ರ ಜೋಡಿಯ ಸಾಕ್ಷಿಯೆಂದು ಒಪ್ಪಬಾರದು. ಬೆಂಗಳೂರಿನ ಹೊರವಲಯದ ತೋಟಗಳಲ್ಲಿ ಎರಡು ಕೇರೆಹಾವುಗಳು ಮೈಯೆತ್ತಿ ತೆಕ್ಕೆಬಿದ್ದು ಹೊರಳುವುದನ್ನು ಕಂಡವರು ಹಾವುಗಳ ಸರಸವೆಂದೂ, ಕೆಲವೊಮ್ಮೆ ನಾಗರಕ್ಕೂ ಕೇರೆಗೂ ಕೂಟವೆಂದೂ ಹೇಳುತ್ತಾರೆ. ಅವೆರಡೂ ಗಂಡು ಕೇರೆಗಳು, ನಡೆಯುತ್ತಿರುವುದು ಕುಸ್ತಿ. ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಿಹಿಡಿಯುವುದೇ ಅದರ ಉದ್ದೇಶ. ಗಂಡು ಬಾಲ್ ಪೈಥಾನುಗಳೂ ಒಂದೇ ಡಬ್ಬಿಯಲ್ಲಿದ್ದರೆ ಹೀಗೆ ಸೆಣಸುತ್ತವೆ. ನಿಜವಾದ ಮಿಲನದಲ್ಲಿ ಹೆಣ್ಣು ಬಹುಮಟ್ಟಿಗೆ ಅಲುಗಾಡದೆ ಮಲಗಿರುತ್ತದೆ ಮತ್ತು ಬಾಲಗಳು ಹೆಣೆದು ಕ್ಲೋಯಕಗಳು ಕೂಡಿಕೊಂಡಿರುತ್ತವೆ. ವಿಡಿಯೋದಲ್ಲಿ ನೋಡಬೇಕಾದದ್ದು ಬಾಲದ ಕಡೆಯನ್ನು, ಅದನ್ನೇ ಹೆಚ್ಚಿನವರು ಚಿತ್ರೀಕರಿಸಿರುವುದಿಲ್ಲ.

ವೈದ್ಯರಲ್ಲಿ ಲಭ್ಯವಿರುವ ಅಲ್ಟ್ರಾಸೌಂಡ್ ಬೆಳೆದ ಹಾವಿಗೆ ಬಹಳ ಉಪಯುಕ್ತ. ಸಾಮಾನ್ಯವಾಗಿ ಅರಿವಳಿಕೆ ಕೊಡುವ ಅಗತ್ಯವಿಲ್ಲ. ಮೈಯ ಹಿಂಭಾಗದಲ್ಲಿ ಜೆಲ್ ಸವರಿ ನೋಡಿದಾಗ ಪ್ರಾಯಕ್ಕೆ ಬಂದ ಹೆಣ್ಣಿನ ಅಂಡಾಶಯಗಳಲ್ಲಿ ಬೆಳೆಯುತ್ತಿರುವ ಅಂಡಗಳು ಸಾಲಾಗಿ ದುಂಡಗೆ ಕಾಣುತ್ತವೆ. ಬಾಲದ ಬುಡಕ್ಕೆ ಇಟ್ಟರೆ ಗಂಡಿನ ಅಂಗಗಳೂ ಕಾಣಬಹುದು. ಹೆಣ್ಣು ಎಂಬುದನ್ನು ಏನೂ ಕಾಣದಿರುವುದರಿಂದ ಊಹಿಸದೆ, ಕಂಡದ್ದರಿಂದಲೇ ಹೇಳಬಲ್ಲ ಕೆಲವೇ ವಿಧಾನಗಳಲ್ಲಿ ಇದೊಂದು. ಆದ್ದರಿಂದ ಹೆಚ್ಚಿನ ಬೆಲೆಗೆ ಹೆಣ್ಣು ಕೊಳ್ಳುವವರಿಗೆ ಈ ಖರ್ಚು ದಂಡವಾಗುವುದಿಲ್ಲ. ಋತುವಲ್ಲದ ಕಾಲದಲ್ಲಿ ಅಂಡಗಳು ತೀರ ಚಿಕ್ಕವಿದ್ದು ಕಣ್ಣುತಪ್ಪುವ ಸಾಧ್ಯತೆಯಿದೆ. ಬೀದಿ ಬೀದಿಗೊಂದು ನಾಯಿ ಬೆಕ್ಕಿನ ಕ್ಲಿನಿಕ್ ಇರುವ ಈ ನಗರದಲ್ಲಿ ಹಾವನ್ನು ಮುಟ್ಟಿ ಪರೀಕ್ಷಿಸುವ ವೈದ್ಯರು ಕೆಲವರೇ. ಹಾವು ಕೊಳ್ಳುವ ಮುನ್ನವೇ ಅಂಥವರನ್ನು ಹುಡುಕಿಟ್ಟುಕೊಂಡಿರಬೇಕು, ಲಿಂಗ ಪರೀಕ್ಷೆ ಅದಕ್ಕೊಂದು ಒಳ್ಳೆಯ ನೆಪ.

ಗಿಳಿ ಸಾಕುವವರಿಗೆ ಡಿಎನ್‌ಎ ಪ್ರಮಾಣಪತ್ರ ಪರಿಚಿತ. ಒಂದು ಗರಿ ಕೊಟ್ಟರೆ ಲಿಂಗ ತಿಳಿಯುತ್ತದೆ. ಹಾವಿನಲ್ಲಿ ವಿಷಯ ಇನ್ನಷ್ಟು ಜಟಿಲ. ಹಾವುಗಳಲ್ಲೆಲ್ಲ ಹಕ್ಕಿಗಳಂತೆ ಹೆಣ್ಣಿಗೆ ಎರಡು ಬಗೆಯ ಲಿಂಗವರ್ಣತಂತುಗಳಿರುತ್ತವೆ, ಅಂದರೆ ಹೆಣ್ಣು ಝಡ್‌ಡಬ್ಲ್ಯೂ, ಗಂಡು ಝಡ್‌ಝಡ್ ಎಂದು ದಶಕಗಳ ಕಾಲ ತಿಳಿಯಲಾಗಿತ್ತು. ಕಾರ್ನ್ ಸ್ನೇಕ್ ಸೇರಿದ ಗುಂಪಿಗೆ ಅದು ನಿಜವೇ. ಆದರೆ ಒಂದು ಬೋವಾ ಮತ್ತು ಒಂದು ಪೈಥಾನ್ ಜಾತಿಯಲ್ಲಿ ಮನುಷ್ಯರಲ್ಲಿರುವಂಥ ಎಕ್ಸ್‌ವೈ ವ್ಯವಸ್ಥೆ ಇದೆಯೆಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬಾಲ್ ಪೈಥಾನ್ ಬೆಳೆಸುವವರಿಗೆ ಇದರ ಸುಳಿವು ಬೇರೆ ದಾರಿಯಿಂದ ಸಿಕ್ಕಿತ್ತು. "ಬನಾನಾ" ಎಂಬ ಹಳದಿ ಬಣ್ಣದ ತಳಿಯಲ್ಲಿ, ಆ ಬಣ್ಣವನ್ನು ತಂದೆಯಿಂದ ಪಡೆದ ಗಂಡಿನ ಬನಾನಾ ಮರಿಗಳು ಬಹುಪಾಲು ಗಂಡಾಗಿಯೂ, ತಾಯಿಯಿಂದ ಪಡೆದ ಗಂಡಿನ ಬನಾನಾ ಮರಿಗಳು ಬಹುಪಾಲು ಹೆಣ್ಣಾಗಿಯೂ ಹುಟ್ಟುತ್ತಿದ್ದವು. ಹೀಗೆ ವಂಶದ ದಾಖಲೆಯಿಂದ ಲಿಂಗವನ್ನು ಊಹಿಸಬಹುದಾದರೂ ವರ್ಣತಂತುಗಳ ಅದಲುಬದಲಿನಿಂದ ಅಪವಾದಗಳು ಆಗುತ್ತಲೇ ಇರುತ್ತವೆ. ಅಮೆರಿಕದಲ್ಲಿ ಪೊರೆಯ ತುಣುಕಿನಿಂದ ಬಾಲ್ ಪೈಥಾನಿನ ಲಿಂಗ ಹೇಳುವ ಪ್ರಯೋಗಾಲಯಗಳಿವೆ. ಅಂಥ ವರದಿಯನ್ನು ಮಾರುವವರು ತೋರಿಸಿದರೆ ಪರೀಕ್ಷೆಗೆ ಹೋದ ಪೊರೆ ಇದೇ ಹಾವಿನದೇ ಎಂದು ಕೇಳುವುದು ಅನುಚಿತವೇನಲ್ಲ.

ಯಾವ ಪರೀಕ್ಷೆಯ ಗೊಡವೆಯೂ ಬೇಡದ ಹಾವೊಂದು ಬೆಂಗಳೂರಿನ ತಾರಸಿ ಕುಂಡಗಳಲ್ಲಿಯೇ ಇದೆಯೆಂಬುದನ್ನು ಇಲ್ಲಿ ನೆನೆಯಬಹುದು. ಮಣ್ಣು ಕೆದಕಿದಾಗ ಎರೆಹುಳುವೆಂದು ಭ್ರಮೆ ಹುಟ್ಟಿಸುವ, ಕಪ್ಪಗೆ ಹೊಳೆಯುವ ಹುಳುಹಾವಿನ ಜಾತಿಯಲ್ಲಿ ಇರುವುದೆಲ್ಲ ಹೆಣ್ಣೇ. ಗಂಡಿಲ್ಲದೆಯೇ ಅದು ಸಂತಾನ ನಡೆಸುತ್ತದೆ. ಅದನ್ನು ಕುಂಡದಲ್ಲಿಯೇ ಬಿಡುವುದು ಕ್ಷೇಮ.

ಒಂದೇ ಹಾವು ಸಾಕುವವರಿಗೆ ಇಷ್ಟೆಲ್ಲ ಏಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಸ್ವಭಾವದಲ್ಲಿ ಗಂಡು ಹೆಣ್ಣಿಗೆ ಹೇಳಿಕೊಳ್ಳುವಂಥ ಭೇದವಿಲ್ಲ. ನನ್ನ ಅಭಿಪ್ರಾಯದಲ್ಲಿ ಅಂಥವರು ಲಿಂಗಕ್ಕೆ ಹೆಚ್ಚಿನ ಹಣ ಕೊಡಬೇಕಾಗಿಲ್ಲ, ಆದರೆ ತಿಳಿದಿರಬೇಕು. ಗಂಡು ಬಾಲ್ ಪೈಥಾನ್ ಮಿಲನದ ಋತುವಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಲಿ ಮುಟ್ಟದಿರಬಹುದು. ತೂಕ ಇಳಿಯದಿದ್ದರೆ ಅದಕ್ಕೆ ಗಾಬರಿಯಾಗಬೇಕಿಲ್ಲ. ಡಿಸೆಂಬರ್ ಮತ್ತು ಜನವರಿಯ ಬೆಂಗಳೂರಿನ ಇರುಳ ಚಳಿಗೆ ಡಬ್ಬಿ ತಣ್ಣಗಾದರೂ ಹಾವು ಆಹಾರ ಬಿಡುತ್ತದೆ, ಆಗ ಗಮನ ಕೊಡಬೇಕಾದದ್ದು ಹೀಟರಿಗೆ. ಯಾವ ಕಾರಣಕ್ಕೆ ಹಾವು ಉಪವಾಸವಿದೆ ಎಂದು ವಿಂಗಡಿಸಲು ಲಿಂಗ ತಿಳಿದಿರುವುದು ನೆರವಾಗುತ್ತದೆ.

ಕೊಳ್ಳುವ ದಿನ ಬರೆಸಿಕೊಳ್ಳುವ ರಸೀದಿಯಲ್ಲಿ "ಹೆಣ್ಣು" ಎಂಬ ಒಂದೇ ಪದ ಇರಬಾರದು. ಯಾವ ವಿಧಾನದಿಂದ ಪರೀಕ್ಷಿಸಲಾಯಿತು, ಯಾರು ಪರೀಕ್ಷಿಸಿದರು, ಯಾವ ದಿನ, ಪ್ರೋಬ್ ಆಗಿದ್ದರೆ ಎಡಕ್ಕೆ ಎಷ್ಟು ಹುರುಪೆ, ಬಲಕ್ಕೆ ಎಷ್ಟು, ತಪ್ಪೆಂದು ಕಂಡುಬಂದರೆ ಹಣ ಹಿಂದಿರುಗುತ್ತದೆಯೇ ಅಥವಾ ವ್ಯತ್ಯಾಸದ ಮೊತ್ತ ಮಾತ್ರವೇ ಎಂಬುದೆಲ್ಲ ಇರಬೇಕು. ಜೊತೆಗೆ ಪಕ್ಕೆಯ ಮಚ್ಚೆಗಳ ಒಂದು ಚಿತ್ರವನ್ನು ಅಲ್ಲಿಯೇ ತೆಗೆದಿಟ್ಟುಕೊಳ್ಳಬೇಕು. ಸರಿಯಾಗಿ ಪರೀಕ್ಷಿಸಿದವರಿಗೆ ಇದನ್ನು ಬರೆದುಕೊಡುವುದು ಐದು ನಿಮಿಷದ ಕೆಲಸ. ಅಂಕಿ ಕೇಳಿದೊಡನೆ ಮಾತು ಬದಲಿಸುವವರ ಬಳಿ ಆ ಹಾವನ್ನು "ಲಿಂಗ ತಿಳಿಯದ್ದು" ಎಂದೇ ಎಣಿಸಿ, ಅದಕ್ಕೆ ತಕ್ಕ ಬೆಲೆ ಹೇಳಬಹುದು.

ಗಂಡೆಂದು ಕೊಂಡ ಹಾವು ಒಂಟಿಯಾಗಿದ್ದರೂ ಮೊಟ್ಟೆ ಇಡಬಹುದು ಎಂಬುದನ್ನು ಲೆಕ್ಕಕ್ಕೆ ಹಿಡಿದಿರಬೇಕು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ವರ್ಷ ದಾಟಿದ, ಕನಿಷ್ಠ 15 ವರ್ಷಗಳಿಂದ ಗಂಡಿನ ಸಂಪರ್ಕವಿಲ್ಲದ ಬಾಲ್ ಪೈಥಾನ್ 2020ರಲ್ಲಿ 7 ಮೊಟ್ಟೆ ಇಟ್ಟಿತ್ತು. ಮೈಯ ಹಿಂಭಾಗ ಉಬ್ಬಿ, ಆಹಾರ ಬಿಟ್ಟು, ಹೊಟ್ಟೆ ಮೇಲಾಗಿ ಅಥವಾ ಓರೆಯಾಗಿ ಮಲಗುವ ಹಾವನ್ನು ಕಂಡರೆ ರಸೀದಿಯಲ್ಲಿ ಏನೇ ಬರೆದಿದ್ದರೂ ಅದನ್ನು ಬಸುರಿಯೆಂದೇ ಭಾವಿಸಿ, ಒದ್ದೆ ಮಾಡಿ ಹಿಂಡಿದ ಹಾವಸೆ ತುಂಬಿದ ಮುಚ್ಚಿದ ಡಬ್ಬಿಯನ್ನು ಒಳಗಿಡಬೇಕು. ಕೆಲವು ಮೊಟ್ಟೆ ಹೊರಬಂದು ಉಳಿದವು ಒಳಗೇ ನಿಂತು ಒಂದೆರಡು ದಿನ ಕಳೆದರೆ ಅದು ವೈದ್ಯರ ಕೆಲಸ. ಮನೆಯಲ್ಲಿ ಕೈಯಿಂದ ಒತ್ತಿ ಮೊಟ್ಟೆಯನ್ನು ಜಾರಿಸಲು ಹೋದರೆ ಮೊಟ್ಟೆನಾಳ ಹರಿಯುತ್ತದೆ, ಒಳಗಿನ ಮೊಟ್ಟೆ ಒಡೆದರೆ ಹಾವು ಉಳಿಯುವುದು ಕಷ್ಟ.